ಸೂರ್ಯಚಂದ್ರರಿರುವ ತನಕ... ಇಂಗ್ಲಿಷಿನಲ್ಲಿ?

ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ ಅಂತ ಇಂಗ್ಲಿಷ್ ಮೇಷ್ಟ್ರು ಎಷ್ಟು ಸಲ ಹೇಳಿಕೊಟ್ಟರೋ! ತಪ್ಪು ನಮ್ಮದಲ್ಲ, ‘ಇಂದ’ ಪ್ರತ್ಯಯದ್ದು. ‘1117ರಿಂದ’ ಅಂದರೂ ಇಂದ, ‘ಒಂಬೈನೂರು ವರ್ಷದಿಂದ’ ಅಂದರೂ ಇಂದ. ಹೊರಟ ಜಾಗಕ್ಕೂ ನಡೆದ ದೂರಕ್ಕೂ ನಮ್ಮಲ್ಲಿ ಒಂದೇ. ಬೇಲೂರು ಗುಡಿಯ ಬಗ್ಗೆ ಯಾರಾದರೂ ‘ಸಿನ್ಸ್ ನೈನ್ ಹಂಡ್ರೆಡ್ ಇಯರ್ಸ್’ ಅಂದರೆ ನಾನಂತೂ ನಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬಿ.ಎಲ್. ರೈಸ್ ಸಾಹೇಬರದು. ಬೆಂಗಳೂರಿನಲ್ಲೇ ಹುಟ್ಟಿದ ಇವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟವಾಗಿ ತಂದರು. ಬೇಲೂರು, ಹಳೇಬೀಡು, ಅರಸೀಕೆರೆ ಎಲ್ಲವೂ ಅದರಲ್ಲಿವೆ. ಹೊಯ್ಸಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಆಚಂದ್ರಾರ್ಕತಾರಂಬರಂ ಸಲುತ್ತಮಿರೆ’. ಬಿಡಿಸಿ ನೋಡಿ. ಸಂಸ್ಕೃತದ ‘ಆ’ ಅಂದರೆ ‘ವರೆಗೆ’, ಕನ್ನಡದ ‘ಬರಂ’ ಅಂದರೂ ‘ವರೆಗೆ’! ನಮ್ಮ ‘ನಡುಮಧ್ಯೆ’ಯ ಹಾಗೆ ಎರಡು ಭಾಷೆಯಲ್ಲಿ ಹೇಳಿ ಭದ್ರ ಮಾಡಿದ್ದಾರೆ :) ಇದಕ್ಕೆ ‘ಅಂಟಿಲ್’ ಹಾಕಿದರೆ ಕೆಟ್ಟಿತು, ಅಲ್ಲಿಗೆ ಮುಗಿಯಿತು ಎಂಬ ವಾಸನೆ ಬರುತ್ತದೆ. ರೈಸ್ ಹಿಡಿದ ದಾರಿ ‘ಆ್ಯಸ್ ಲಾಂಗ್ ಆ್ಯಸ್’. ಅರ್ಥ ಸರಿಯಾಗಿದೆ. ಆದರೆ ‘ಸಲುತ್ತಂ ಇರೆ’ ಅನ್ನುವಾಗ, ಅದು ನಮ್ಮ ಕಣ್ಣೆದುರೇ ನಡೆಯುತ್ತಾ ಇದೆಯಲ್ಲ, ಆ ‘ಉತ್ತ’ದ ಓಟ ಇಂಗ್ಲಿಷಿನಲ್ಲಿ ಎಲ್ಲಿ?

ಇದು ಬರೀ ಅಲಂಕಾರವಲ್ಲ, ಕಾನೂನು. 1220ರಲ್ಲಿ ರೇಚರಸ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯ ಮಾಡಿಸಿ ದತ್ತಿ ಬಿಟ್ಟ. ಇಂಥ ದತ್ತಿಗಳನ್ನು ಮುಂದಿನ ಅರಸ ಕಿತ್ತುಕೊಳ್ಳಬಾರದಲ್ಲ? ಅದಕ್ಕೇ ಶಾಸನಗಳ ಕೊನೆಯಲ್ಲಿ ಶಾಪ: ಕೊಟ್ಟ ಭೂಮಿಯನ್ನು ಕಸಿದವನು 60,000 ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನಂತೆ. ದಾನಕ್ಕೆ ಅವಧಿಯೇ ಇಲ್ಲ, ಶಿಕ್ಷೆಗೆ ಮಾತ್ರ ಅಂಕಿಯಲ್ಲಿ ಲೆಕ್ಕ!

ಹೊಯ್ಸಳರ ರಾಜ್ಯಕ್ಕೂ ಇದೇ ಸೂರ್ಯಚಂದ್ರರ ಹಾರೈಕೆ ಇತ್ತು. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಂದ. ಆ ಶತಮಾನ ಮುಗಿಯುವ ಮೊದಲೇ ರಾಜ್ಯವೇ ಇರಲಿಲ್ಲ, ರಾಜಧಾನಿ ‘ಹಳೇ ಬೀಡು’ ಆಯಿತು. ಬೇಲೂರಿನ ಗೋಪುರವನ್ನು ಮಾತ್ರ 1397ರಲ್ಲಿ ವಿಜಯನಗರದ ಇಮ್ಮಡಿ ಹರಿಹರನ ಅಧಿಕಾರಿ ಗುಂಡ ಮತ್ತೆ ಕಟ್ಟಿಸಿದ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದಾಗ ಚೆನ್ನಕೇಶವನಿಗೆ ಪೂಜೆ ನಡೆಯುತ್ತಲೇ ಇತ್ತು. ಇಂಗ್ಲಿಷಿನ ‘ಹ್ಯಾಸ್ ಬೀನ್’ ಅವನಿಗೆ ಸರಿಹೊಂದುತ್ತದೆ, ಹಳೇಬೀಡಿನ ಅರಮನೆಗೆ ‘ವಾಸ್’ ಸಾಕು.