ಬಿಗ್ ಪಿಟ್: ಗಣಿಯಾಗಿಯೇ ಉಳಿದ ವಸ್ತುಸಂಗ್ರಹಾಲಯ

ದಕ್ಷಿಣ ವೇಲ್ಸಿನ ಕಣಿವೆಗಳು ಬೆಟ್ಟದ ನೆತ್ತಿಯನ್ನು ಮುಟ್ಟುವಲ್ಲಿ ಬ್ಲೈನಾವನ್ ಎಂಬ ಸಣ್ಣ ಪಟ್ಟಣವಿದೆ. ಕಾರ್ಡಿಫ್ ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ವೆಲ್ಷ್ ಭಾಷೆಯಲ್ಲಿ ಈ ಹೆಸರಿಗೆ ಹೊಳೆಯ ತಲೆ, ಅರ್ಥಾತ್ ನದಿಮೂಲ ಎಂದು ಅರ್ಥ. ನಮ್ಮ ತಲಕಾವೇರಿಯನ್ನು ನೆನಪಿಸುವ ಹೆಸರು. ಇಲ್ಲಿನ ‘ಬಿಗ್ ಪಿಟ್’ ಕಲ್ಲಿದ್ದಲು ಗಣಿ 1980ರ ಫೆಬ್ರವರಿ 2ರಂದು ಕೆಲಸ ನಿಲ್ಲಿಸಿತು. ಮೂರು ವರ್ಷಗಳ ನಂತರ, 1983ರಲ್ಲಿ, ಅದೇ ಗಣಿ ಸಾರ್ವಜನಿಕರ ವೀಕ್ಷಣೆಗೆ ತೆರೆಯಿತು. ಇಂದು ಅದು ವೇಲ್ಸಿನ ರಾಷ್ಟ್ರೀಯ ಕಲ್ಲಿದ್ದಲು ವಸ್ತುಸಂಗ್ರಹಾಲಯ. ಮುಚ್ಚಿದ ಗಣಿಯನ್ನು ಪ್ರೇಕ್ಷಣೀಯ ಸ್ಥಳವಾಗಿ ಮಾರ್ಪಡಿಸುವಾಗ ಏನನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಗಣಿ ಕೊಟ್ಟಿರುವ ಉತ್ತರವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ವೈದ್ಯನಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ರೋಗಿಗಳಿಂದ. ವೇಲ್ಸಿಗೆ ಬಂದ ಮೊದಲ ವರ್ಷಗಳಲ್ಲಿ ಕೆಲವು ವೃದ್ಧರ ಹಣೆ ಮತ್ತು ಮುಂಗೈಗಳ ಮೇಲೆ ಹಚ್ಚೆಯಂಥ ನೀಲಿ ಗೆರೆಗಳನ್ನು ಕಂಡು ಬೆರಗಾಗಿದ್ದೆ. ಗಾಯದೊಳಗೆ ಕಲ್ಲಿದ್ದಲಿನ ದೂಳು ಸೇರಿ, ಅದರ ಮೇಲೆಯೇ ಚರ್ಮ ಮಾಯ್ದಾಗ ಉಳಿಯುವ ಗುರುತು ಅದು. ಅವರ ಶ್ವಾಸಕೋಶದ ಸ್ಥಿತಿ ಏನೆಂಬುದನ್ನು ಎಕ್ಸ್-ರೇ ಹೇಳುತ್ತಿತ್ತು. ಅವರು ದುಡಿದ ಜಾಗ ಹೇಗಿತ್ತೆಂದು ತಿಳಿಯುವ ಕುತೂಹಲ ನನ್ನನ್ನು ಬಿಗ್ ಪಿಟ್‌ಗೆ ಕರೆದೊಯ್ದಿತು.

ಕಬ್ಬಿಣದಿಂದ ಕಲ್ಲಿದ್ದಲಿಗೆ

ಬ್ಲೈನಾವನ್ ಮೊದಲು ಹೆಸರಾದದ್ದು ಕಬ್ಬಿಣಕ್ಕೆ. ಇಲ್ಲಿನ ಕಬ್ಬಿಣದ ಕಾರ್ಖಾನೆ 1789ರಲ್ಲಿ ಆರಂಭವಾಯಿತು. ಅದಿರಿನಲ್ಲಿರುವ ರಂಜಕವನ್ನು ಬೇರ್ಪಡಿಸಿ ಒಳ್ಳೆಯ ಉಕ್ಕು ತಯಾರಿಸುವ ವಿಧಾನವನ್ನು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಮತ್ತು ಅವರ ಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ 1870ರ ದಶಕದ ಕೊನೆಯಲ್ಲಿ ಸಾಧಿಸಿದ್ದೂ ಇಲ್ಲಿಯೇ. ಕುಲುಮೆಗಳಿಗೆ ಬೇಕಾದ ಅದಿರು, ಸುಣ್ಣದಕಲ್ಲು, ಕಲ್ಲಿದ್ದಲು ಎಲ್ಲವೂ ಸುತ್ತಮುತ್ತಲೇ ದೊರೆಯುತ್ತಿದ್ದವು. 1880ರಿಂದ ಬಿಗ್ ಪಿಟ್‌ನ ಕಲ್ಲಿದ್ದಲು ಮೇಲೆ ಬರತೊಡಗಿತು. ಇದರ ಗಣಿಬಾವಿ ಅಂಡಾಕಾರದ್ದು. ಸುಮಾರು 18 ಅಡಿ ಉದ್ದ, 13 ಅಡಿ ಅಗಲ. ಎರಡು ಸಾಲು ಬಂಡಿಗಳು ಅಕ್ಕಪಕ್ಕದಲ್ಲಿ ಇಳಿದೇರುವಷ್ಟು ವಿಶಾಲವಾಗಿದ್ದರಿಂದ ‘ದೊಡ್ಡ ಗಣಿಬಾವಿ’ ಎಂಬ ಹೆಸರು ಬಂತು. 1923ರಲ್ಲಿ ಇಲ್ಲಿ 1,399 ಮಂದಿ ದುಡಿಯುತ್ತಿದ್ದರು. 2000ದಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಗಣಿಯನ್ನು ಉಳಿಸುವ ಕೆಲಸ

ಹಳೆಯ ಅರಮನೆಗೆ ಬೀಗ ಹಾಕಿಟ್ಟು ಇಪ್ಪತ್ತು ವರ್ಷಗಳ ನಂತರ ದುರಸ್ತಿ ಮಾಡಬಹುದು. ಗಣಿಗೆ ಈ ಸೌಕರ್ಯವಿಲ್ಲ. ಕೆಲಸ ನಿಂತ ಗಣಿಯಲ್ಲಿ ನೀರು ಏರುತ್ತದೆ, ಆಧಾರಕಂಬಗಳು ಕೊಳೆಯುತ್ತವೆ, ಮೇಲಿನ ಬಂಡೆ ತನ್ನ ಭಾರದಿಂದಲೇ ಸುರಂಗವನ್ನು ಅಮುಕುತ್ತದೆ. ಗಾಳಿಯ ಸಂಚಾರ ನಿಂತರೆ ಮೀಥೇನ್ ಸೇರಿಕೊಳ್ಳುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಉಳಿಸುವ ನಿರ್ಧಾರ ಗಣಿ ಮುಚ್ಚುವ ಮೊದಲೇ ಆಗಬೇಕು. ಬಿಗ್ ಪಿಟ್‌ನ ವಿಷಯದಲ್ಲಿ ಹಾಗೆಯೇ ಆಯಿತು. ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯಿಂದ ಒಂದು ಪೌಂಡಿಗೆ ಕೊಂಡುಕೊಂಡ ಗಣಿಯನ್ನು ಸ್ಥಳೀಯ ಟ್ರಸ್ಟ್ ಒಂದಕ್ಕೆ ವಹಿಸಲಾಯಿತು. 2001ರಲ್ಲಿ ಅದು ವೇಲ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಭಾಗವಾಯಿತು. 2005ರಲ್ಲಿ, ವರ್ಷದ ಅತ್ಯುತ್ತಮ ಸಂಗ್ರಹಾಲಯಕ್ಕೆ ಸಲ್ಲುವ ಒಂದು ಲಕ್ಷ ಪೌಂಡಿನ ಗುಲ್ಬೆಂಕಿಯನ್ ಪ್ರಶಸ್ತಿ ಅದಕ್ಕೆ ದೊರೆಯಿತು.

ಗಣಿ ಪ್ರವಾಸೋದ್ಯಮಕ್ಕೆ ಬೇರೆ ಮಾದರಿಗಳೂ ಇವೆ. ಜರ್ಮನಿಯ ಬೋಖುಮ್ ನಗರದ ಗಣಿ ಸಂಗ್ರಹಾಲಯದಲ್ಲಿ ನೆಲದಡಿಯಲ್ಲಿ ಪ್ರದರ್ಶನಕ್ಕಾಗಿಯೇ ಸುರಂಗಗಳನ್ನು ನಿರ್ಮಿಸಲಾಗಿದೆ. ಎಸೆನ್ ನಗರದ ಸೋಲ್‌ಫರೈನ್ ಗಣಿಯಲ್ಲಿ ಮುಖ್ಯ ಆಕರ್ಷಣೆ ನೆಲದ ಮೇಲಿನ ಭವ್ಯ ಕಟ್ಟಡಗಳು. ಬಿಗ್ ಪಿಟ್ ಆರಿಸಿಕೊಂಡದ್ದು ಹೆಚ್ಚು ಕಷ್ಟದ ದಾರಿ: ನಿಜವಾದ ಗಣಿಗೇ ಜನರನ್ನು ಇಳಿಸುವುದು. ಕಾನೂನಿನ ದೃಷ್ಟಿಯಲ್ಲಿ ಅದು ಇಂದಿಗೂ ಗಣಿಯೇ. ಗಣಿ ತನಿಖಾಧಿಕಾರಿಗಳ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ.

ತೊಂಬತ್ತು ಮೀಟರ್ ಕೆಳಗೆ

ಇಳಿಯುವ ಮುನ್ನ ಮೊಬೈಲ್, ಕೈಗಡಿಯಾರ, ಬೆಂಕಿಪೊಟ್ಟಣ, ಬ್ಯಾಟರಿಯಿರುವ ಯಾವುದೇ ವಸ್ತುವನ್ನು ಮೇಲೆಯೇ ಒಪ್ಪಿಸಬೇಕು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಇದೇ ವೇಲ್ಸಿನ ಸೆಂಗ್‌ಹೆನಿತ್ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು ಸಂಭವಿಸಿದ ಸ್ಫೋಟದಲ್ಲಿ 439 ಗಣಿಗಾರರು ಸತ್ತರು. ಶಿರಸ್ತ್ರಾಣ, ದೀಪ, ಅದರ ಬ್ಯಾಟರಿ, ಕಾರ್ಬನ್ ಮಾನಾಕ್ಸೈಡಿನಿಂದ ರಕ್ಷಿಸುವ ಉಸಿರಾಟದ ಸಾಧನ ಇವನ್ನೆಲ್ಲ ಸೊಂಟಕ್ಕೆ, ತಲೆಗೆ ಕಟ್ಟಿಕೊಂಡು ಕಬ್ಬಿಣದ ಪಂಜರದಲ್ಲಿ ಸುಮಾರು 90 ಮೀಟರ್ ಆಳಕ್ಕೆ ಇಳಿಯುತ್ತೇವೆ.

ಕೆಳಗೆ ಕೆಲವೆಡೆ ಬೆನ್ನು ಬಾಗಿಸಿಯೇ ನಡೆಯಬೇಕು. ಕುದುರೆಲಾಯಗಳಲ್ಲಿ ಒಂದೊಂದು ಕುದುರೆಯ ಹೆಸರೂ ಉಳಿದಿದೆ. ಗಾಳಿಯನ್ನು ತಿರುಗಿಸುವ ಮರದ ಬಾಗಿಲ ಬಳಿ ಮಾರ್ಗದರ್ಶಕರು ಎಲ್ಲರ ದೀಪಗಳನ್ನೂ ಆರಿಸುವಂತೆ ಹೇಳುತ್ತಾರೆ. ಕಣ್ಣೆದುರು ಹಿಡಿದ ಕೈ ಕಾಣಿಸುವುದಿಲ್ಲ. ಬಂಡಿ ಬಂದಾಗ ಇಂಥ ಬಾಗಿಲನ್ನು ತೆರೆದು ಮುಚ್ಚುವ ಕೆಲಸ ಒಂದು ಕಾಲದಲ್ಲಿ ಮಕ್ಕಳದು. ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ನೆಲದಡಿಯಲ್ಲಿ ದುಡಿಯುವುದನ್ನು ಬ್ರಿಟಿಷ್ ಸಂಸತ್ತು ನಿಷೇಧಿಸಿದ್ದು 1842ರಲ್ಲಿ.

ದೂಳಿನ ರೋಗ

ಗಣಿಯ ಸ್ನಾನಗೃಹ ಕಟ್ಟಿದ್ದು 1939ರಲ್ಲಿ. ಅದಕ್ಕೆ ಮುಂಚೆ ಗಣಿಗಾರರು ಮಸಿ ಮೈಯಲ್ಲೇ ಮನೆಗೆ ಹೋಗಿ ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಮೀಯುತ್ತಿದ್ದರು. ನೀರು ಹೊತ್ತು ಕಾಯಿಸುವ ಹೊರೆ ಮನೆಯ ಹೆಂಗಸರದು. ಸ್ನಾನಗೃಹದಿಂದ ಆ ಹೊರೆ ಇಳಿಯಿತು. ಆದರೆ ಒಳಗೆ ಸೇರಿದ ದೂಳಿಗೆ ಯಾವ ನೀರೂ ತಾಗಲಿಲ್ಲ. ಕೆಲವೇ ಮೈಕ್ರಾನ್ ಗಾತ್ರದ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ವರ್ಷಗಟ್ಟಲೆ ಸಂಗ್ರಹವಾದಾಗ ಸುತ್ತಲಿನ ಅಂಗಾಂಶ ನಾರುಗಟ್ಟಿ ಗಡುಸಾಗುತ್ತದೆ. ಇದೇ ನ್ಯೂಮೋಕೋನಿಯೋಸಿಸ್. ಗಣಿ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು, ಗುಣಪಡಿಸುವ ಔಷಧವಿಲ್ಲ.

ಕಲ್ಲಿದ್ದಲಿನ ದೂಳು ನಿರುಪದ್ರವಿ, ಕಲ್ಲಿನ ದೂಳೊಂದೇ ಅಪಾಯಕಾರಿ ಎಂದು ವೈದ್ಯರು ಬಹುಕಾಲ ನಂಬಿದ್ದರು. ದಕ್ಷಿಣ ವೇಲ್ಸಿನ ಗಣಿಗಾರರನ್ನು ಪರೀಕ್ಷಿಸಿದ ನಂತರವೇ ಆ ನಂಬಿಕೆ ಮುರಿಯಿತು. 1943ರಲ್ಲಿ ಪರಿಹಾರದ ಹಕ್ಕು ವಿಸ್ತಾರವಾಯಿತು. 1945ರಲ್ಲಿ ಕಾರ್ಡಿಫ್ ಬಳಿ ಈ ರೋಗದ ಸಂಶೋಧನಾ ಘಟಕ ಸ್ಥಾಪನೆಯಾಯಿತು. ಅಲ್ಲಿ ದುಡಿದ ಆರ್ಚಿ ಕಾಕ್ರೇನ್ ರೋಂಡಾ ಫಾಕ್ ಕಣಿವೆಯ ಶೇ. 90ಕ್ಕೂ ಹೆಚ್ಚು ಗಣಿಗಾರರ ಎಕ್ಸ್-ರೇ ತೆಗೆಸಿದರು. ಇಂದು ಜಗತ್ತಿನ ವೈದ್ಯರು ಚಿಕಿತ್ಸೆಯ ಪುರಾವೆಗಾಗಿ ನೋಡುವ ಕಾಕ್ರೇನ್ ಸಂಸ್ಥೆಗೆ ಅವರದೇ ಹೆಸರು. ನಮ್ಮ ವೃತ್ತಿ ಈ ಗಣಿಗಾರರಿಗೆ ಋಣಿಯಾಗಿದೆ.

ಉಳಿದಿರುವ ಕಾಲ

ಬಿಗ್ ಪಿಟ್‌ನ ನಿಜವಾದ ಸಂಪತ್ತು ಅದರ ಮಾರ್ಗದರ್ಶಕರು. ಅವರು ಸ್ವತಃ ಗಣಿಗಳಲ್ಲಿ ದುಡಿದವರು. ನಮ್ಮನ್ನು ಕರೆದೊಯ್ದವರು ಅಪಘಾತಗಳನ್ನು ವಿವರಿಸುವಾಗ ದನಿ ಏರಿಸಲಿಲ್ಲ; ಹಾಸ್ಯಕ್ಕೂ ಕೊರತೆಯಿರಲಿಲ್ಲ. ಆದರೆ ವೇಲ್ಸಿನ ಪ್ರಸಿದ್ಧ ಟವರ್ ಗಣಿ 2008ರಲ್ಲಿ ಮುಚ್ಚಿತು; ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲು ಗಣಿ ಕೆಲ್ಲಿಂಗ್ಲಿ 2015ರಲ್ಲಿ. 1980ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಸುರಂಗಕ್ಕೆ ಹೊಸ ಕಂಬ ಕೊಡಬಹುದು, ಈ ಅನುಭವಕ್ಕೆ ಬದಲಿಯಿಲ್ಲ.

ಇದನ್ನು ಕೇಳುವಾಗ ಕನ್ನಡಿಗನಿಗೆ ಕೋಲಾರದ ಚಿನ್ನದ ಗಣಿ ನೆನಪಾಗದೆ ಇರದು. ಬಿಗ್ ಪಿಟ್‌ನ ಕಲ್ಲಿದ್ದಲು ಮೇಲೆ ಬರತೊಡಗಿದ ಕಾಲದಲ್ಲಿಯೇ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅಲ್ಲಿ ಗಣಿಗಾರಿಕೆಗೆ ತೊಡಗಿತು. ಬಿಗ್ ಪಿಟ್ ರಾಷ್ಟ್ರದ ಆಸ್ತಿಯಾದ 2001ರಲ್ಲಿಯೇ, ಫೆಬ್ರವರಿ 28ರಂದು, ಕೋಲಾರದ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳವಾದ ಆ ಸುರಂಗಗಳಲ್ಲಿ ಈಗ ನೀರು ತುಂಬಿದೆ; ಅಲ್ಲಿಗೆ ಯಾರನ್ನೂ ಇಳಿಸಲಾಗದು. ಆದರೆ ಬಂಡೆ ಸಿಡಿತವನ್ನೂ ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ರೋಗವನ್ನೂ ಕಂಡವರು ಇನ್ನೂ ಇದ್ದಾರೆ. 2001ರಲ್ಲಿ ಮೂವತ್ತಾಗಿದ್ದ ಕಾರ್ಮಿಕನಿಗೆ ಈಗ ನನ್ನದೇ ವಯಸ್ಸು. ಅವರ ಮಾತನ್ನು ದಾಖಲಿಸಲು ಗಣಿಬಾವಿಯ ನೀರು ಅಡ್ಡಿಯಾಗದು.

ಬ್ರಿಟನ್ನಿನಲ್ಲಿರುವ ಓದುಗರು ಮಕ್ಕಳೊಂದಿಗೆ ಬ್ಲೈನಾವನ್‌ಗೆ ಒಮ್ಮೆ ಹೋಗಿಬರಬೇಕು. ಬೆಚ್ಚನೆಯ ಉಡುಪು, ಗಟ್ಟಿಯಾದ ಬೂಟು ಇರಲಿ. ಮಾರ್ಗದರ್ಶಕರಿಗೆ ಪ್ರಶ್ನೆಗಳನ್ನು ಕೇಳಿ. ಅವರು ಸಂತೋಷದಿಂದ ಉತ್ತರಿಸುತ್ತಾರೆ.