ಲೋಕದ ಆಕಾರ, ಲೋಕದ ಅಳತೆ: ಮೂಡುಬಿದಿರೆಯ ಓಲೆಯಿಂದ ಸೊಲ್ಲಾಪುರದ ಅಚ್ಚಿಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಅಂದ ಕೂಡಲೇ ನಮ್ಮ ಮಾತು ಮಹಾಜನ ವರದಿ, ಗಡಿ ವಿವಾದ, ಕನ್ನಡ ಶಾಲೆಗಳು ಇವುಗಳ ಕಡೆಗೇ ಹೋಗುತ್ತದೆ. ಅದು ಬೇಕಾದ ಚರ್ಚೆಯೇ, ಬೇಡ ಅಂತಲ್ಲ. ಆದರೆ ಇವತ್ತು ನಾನು ಸೊಲ್ಲಾಪುರವನ್ನು ಇನ್ನೊಂದು ಕಾರಣಕ್ಕೆ ನೆನೆಯಬೇಕು ಅಂತಿದ್ದೇನೆ. ವಿಶ್ವ ಯಾವ ಆಕಾರದಲ್ಲಿದೆ, ಎಷ್ಟು ದೊಡ್ಡದು ಎಂಬ ಒಂದು ಹಳೆಯ ವಾದ ಕನ್ನಡ ಲಿಪಿಯಲ್ಲಿ ಉಳಿದುಕೊಂಡು, ಆಮೇಲೆ ಅಚ್ಚಾದ ಕಥೆಯಲ್ಲಿ ಈ ಊರಿಗೆ ದೊಡ್ಡ ಪಾಲಿದೆ.

ನಮಗೆಲ್ಲ ಗೊತ್ತಿರುವ ಕಡೆಯಿಂದಲೇ ಶುರು ಮಾಡೋಣ. ಜೈನಪುರಾಣಕ್ಕೆ ಎಂಟು ಅಂಗಗಳು ಅಂತ ಓದಿದ್ದೇವೆ. ಅದರಲ್ಲಿ ಮೊದಲನೆಯದು ‘ಲೋಕಾಕಾರ ಕಥನ’. ಪರೀಕ್ಷೆಗೆ ಆ ಪಟ್ಟಿಯನ್ನು ಬಾಯಿಪಾಠ ಮಾಡ್ತೇವೆ; ಆದರೆ ಪಂಪನ ‘ಆದಿಪುರಾಣ’ ಓದುವಾಗ ಲೋಕವರ್ಣನೆ ಬಂದರೆ ಅದು ಬರೀ ಸಂಪ್ರದಾಯ ಅಂತ ಪುಟ ತಿರುವಿಬಿಡುತ್ತೇವೆ. ಕಥೆ ಶುರುವಾಗುವ ಮೊದಲು ಲೋಕದ ಆಕಾರವನ್ನು ಯಾಕೆ ಹೇಳಬೇಕಿತ್ತು? ಜೀವ ಎಲ್ಲೆಲ್ಲಿ ಅಲೆಯುತ್ತದೆ, ಬಿಡುಗಡೆಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಕಥೆಯಾದರೆ ಆ ಅಲೆದಾಟದ ಜಾಗದ ನಕ್ಷೆ ಮೊದಲು ಬೇಕಲ್ಲ, ಅದಕ್ಕೆ.

ಆ ನಕ್ಷೆ ಹೀಗಿದೆ. ನಾವಿರುವ ಜಂಬೂದ್ವೀಪ ಒಂದು ಲಕ್ಷ ಯೋಜನ ವ್ಯಾಸದ ವೃತ್ತ. ಅದರ ಸುತ್ತ ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ, ಅದರಾಚೆ ನಾಲ್ಕು ಲಕ್ಷದ ಧಾತಕೀಖಂಡ, ಎಂಟು ಲಕ್ಷದ ಕಾಲೋದ ಸಮುದ್ರ, ಹದಿನಾರು ಲಕ್ಷದ ಪುಷ್ಕರದ್ವೀಪ. ಹೀಗೆ ಬಳೆಯೊಳಗೆ ಬಳೆ, ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಪುಷ್ಕರದ ನಡುವೆ ಮಾನುಷೋತ್ತರ ಪರ್ವತ. ಮನುಷ್ಯರ ವಾಸ ಅಲ್ಲಿಗೆ ಮುಗಿಯಿತು. ಈ ಕಡೆಯಿಂದ ಆ ಕಡೆಗೆ ಕೂಡಿದರೆ ಮನುಷ್ಯಲೋಕ 45 ಲಕ್ಷ ಯೋಜನ. ಆದರೆ ದ್ವೀಪ ಸಮುದ್ರಗಳು ಅಲ್ಲಿಗೆ ಮುಗಿಯುವುದಿಲ್ಲ, ಲೆಕ್ಕಕ್ಕೆ ಸಿಗದಷ್ಟಿವೆ. ಇಡೀ ಲೋಕವನ್ನು ಅಳೆಯಲು ಯೋಜನ ಸಾಲದೆ ‘ರಜ್ಜು’ ಎಂಬ ಮಾನ ಬಂತು. ರಜ್ಜು ಅಂದ್ರೆ ಹಗ್ಗ. ಲೋಕದ ಎತ್ತರ 14 ರಜ್ಜು. ಅಗಲ ತಳದಲ್ಲಿ 7, ನಡುವಿನಲ್ಲಿ 1, ಮೇಲೆ ಬ್ರಹ್ಮಲೋಕದ ಬಳಿ 5, ತುದಿಯಲ್ಲಿ ಮತ್ತೆ 1. ಕಾಲು ಅಗಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ ಮನುಷ್ಯನ ಹಾಗೆ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಇರುವುದು ಮುಂದಿನ ಪ್ರಶ್ನೆಯಲ್ಲಿ. ಎದುರಿನಿಂದ ನೋಡಿದರೆ ಹೀಗೆ, ಸರಿ, ಪಕ್ಕದಿಂದ ನೋಡಿದರೆ? ಲೋಕ ಮೃದಂಗದಂತೆ ದುಂಡಗಿದೆ ಎಂಬ ಅಭಿಪ್ರಾಯ ಬಳಕೆಯಲ್ಲಿತ್ತು. ರಾಷ್ಟ್ರಕೂಟರ ಕಾಲದಲ್ಲಿದ್ದ ವೀರಸೇನಾಚಾರ್ಯ, 816ರಲ್ಲಿ ಮುಗಿಸಿದ ‘ಧವಲಾ’ ಟೀಕೆಯಲ್ಲಿ ಇದನ್ನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವನು ಕೊಟ್ಟ ಕಾರಣ ಗಣಿತದ್ದು.

ಲೋಕದ ಘನಫಲ 343 ಘನರಜ್ಜು, ಅಂದ್ರೆ ಏಳರ ಘನ ಎಂಬುದು ಪರಂಪರೆಯಿಂದ ಬಂದ ಸಂಖ್ಯೆ. ಲೋಕ ದುಂಡಗಿದ್ದರೆ ಎಷ್ಟಾಗುತ್ತದೆ ಅಂತ ವೀರಸೇನ ಲೆಕ್ಕ ಹಾಕಿದ. ನಡುವಿನ ಸಿಲಿಂಡರನ್ನು ತೆಗೆದು, ಉಳಿದದ್ದನ್ನು ಸೀಳಿ ಹರಡಿ, ತುಂಡು ಮಾಡಿ, ಆ ತುಂಡುಗಳನ್ನು ಮತ್ತೆ ಮತ್ತೆ ತುಂಡು ಮಾಡುತ್ತ, ಕೊನೆಯಿಲ್ಲದ ಶ್ರೇಢಿಯನ್ನು ಕೂಡಿಸುವ ಕ್ರಮ ಅವನದು. ಸಿಕ್ಕ ಉತ್ತರ ಸುಮಾರು 164. ಇಂದಿನ ಸೂತ್ರ ಹಾಕಿದರೆ 161 ಬರುತ್ತದೆ. ವ್ಯತ್ಯಾಸ ಅವನು ಬಳಸಿದ ಪರಿಧಿಯ ಸೂತ್ರದಿಂದ ಬಂದದ್ದು. 164 ಎಲ್ಲಿ, 343 ಎಲ್ಲಿ! ಹಾಗಾಗಿ ಲೋಕ ದುಂಡಗಿರಲಾರದು, ಉತ್ತರ-ದಕ್ಷಿಣವಾಗಿ ಎಲ್ಲ ಕಡೆಯೂ ಒಂದೇ ಸಮ 7 ರಜ್ಜು ಇರಬೇಕು ಅಂತ ಅವನ ತೀರ್ಮಾನ. ನಾವೂ ಪರೀಕ್ಷಿಸಬಹುದು. ಕೆಳಗಿನ ಅರ್ಧದ ಸರಾಸರಿ ಅಗಲ 4. 4ನ್ನು 7ರಿಂದ, ಮತ್ತೆ 7ರಿಂದ ಗುಣಿಸಿದರೆ 196. ಮೇಲಿನ ಅರ್ಧದ ಸರಾಸರಿ 3. ಅದೇ ರೀತಿ 147. ಎರಡೂ ಸೇರಿ ಸರಿಯಾಗಿ 343.

ಒಂದು ಮಾತು ಸ್ಪಷ್ಟ ಮಾಡಬೇಕು. ಇದು ಇಂದಿನ ಖಗೋಳ ವಿಜ್ಞಾನ ಅಲ್ಲ, ನಮ್ಮವರಿಗೆ ಮೊದಲೇ ಎಲ್ಲ ಗೊತ್ತಿತ್ತು ಅನ್ನುವ ವಾದವೂ ನನ್ನದಲ್ಲ. 343 ಎಂಬ ಸಂಖ್ಯೆಯನ್ನು ವೀರಸೇನ ಪ್ರಶ್ನಿಸಲಿಲ್ಲ, ಆಕಾಶ ನೋಡಿ ಪರೀಕ್ಷಿಸಲೂ ಇಲ್ಲ. ಆದರೆ ನಂಬಿಕೆಯ ಒಳಗೇ ನಿಂತು, ಆಕಾರವೂ ಅಳತೆಯೂ ಒಂದಕ್ಕೊಂದು ಹೊಂದಲೇಬೇಕು ಅಂತ ಹಟ ಹಿಡಿದ. ಹೊಂದದಿದ್ದಾಗ, ಬಳಕೆಯಲ್ಲಿದ್ದ ಚಿತ್ರವನ್ನೇ ಕೈಬಿಟ್ಟ. ಇವನ ಶಿಷ್ಯ ಜಿನಸೇನ ಬರೆದ ಸಂಸ್ಕೃತ ಪೂರ್ವಪುರಾಣವೇ ಪಂಪನ ‘ಆದಿಪುರಾಣ’ಕ್ಕೆ ಆಕರ. ಅಂದ್ರೆ ನಾವು ಪುಟ ತಿರುವುವ ಆ ವರ್ಣನೆಯ ಹಿಂದೆ ಇಂಥ ಲೆಕ್ಕ, ಇಂಥ ಜಗಳ ಇದೆ.

ಈಗ ಸೊಲ್ಲಾಪುರಕ್ಕೆ ಬರೋಣ. ‘ಧವಲಾ’ದ ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಅದು ಉಳಿದದ್ದು ಮಾತ್ರ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ. ಬಹುಕಾಲ ಅದು ಪೂಜೆಯ ವಸ್ತುವಾಗಿತ್ತು, ಓದುವ ಗ್ರಂಥ ಆಗಿರಲಿಲ್ಲ. ಅದನ್ನು ಪ್ರತಿ ಮಾಡಿಸಬೇಕು ಅಂತ 19ನೇ ಶತಮಾನದ ಕೊನೆಯಲ್ಲಿ ಓಡಾಡಿದವರಲ್ಲಿ ಸೊಲ್ಲಾಪುರದ ಹಿರಾಚಂದ ನೇಮಚಂದ ಒಬ್ಬರು. ನಾಗರಿಯಲ್ಲೂ ಕನ್ನಡದಲ್ಲೂ ಪ್ರತಿಗಳಾದವು. 1939ರಲ್ಲಿ ಹೀರಾಲಾಲ್ ಜೈನ್ ಸಂಪಾದನೆಯಲ್ಲಿ ಮೊದಲ ಸಂಪುಟ ಅಮರಾವತಿಯಿಂದ ಹೊರಬಂತು. ಲೋಕದ ಅಳತೆಯನ್ನೇ ವಿಷಯವಾಗಿಟ್ಟುಕೊಂಡ ‘ತಿಲೋಯಪಣ್ಣತ್ತಿ’ 1943 ಮತ್ತು 1951ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘದಿಂದ ಪ್ರಕಟವಾಯಿತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಅದೇ ಮಾಲೆಯಲ್ಲಿ 1963ರಲ್ಲಿ ಬಂತು.

ಈ ಸಂಘ ಕನ್ನಡ ಸಂಸ್ಥೆ ಅಲ್ಲ. ಅದರ ಅನುವಾದಗಳು ಹೆಚ್ಚಾಗಿ ಹಿಂದಿಯಲ್ಲಿವೆ. ಆದರೆ ‘ತಿಲೋಯಪಣ್ಣತ್ತಿ’ಯ ಸಂಪಾದಕರಲ್ಲಿ ಒಬ್ಬರಾದ ಆ. ನೇ. ಉಪಾಧ್ಯೆ ಬೆಳಗಾವಿ ಜಿಲ್ಲೆಯ ಸದಲಗದವರು. ಕೊಲ್ಹಾಪುರದಲ್ಲಿ ಪಾಠ ಮಾಡಿದವರು, 1967ರ ಶ್ರವಣಬೆಳಗೊಳ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕನ್ನಡ, ಮರಾಠಿ, ಪ್ರಾಕೃತ ಮೂರೂ ಗೊತ್ತಿರುವ ಇಂಥ ಗಡಿಯ ವಿದ್ವಾಂಸರು ಇಲ್ಲದಿದ್ದರೆ ಈ ಕೆಲಸ ಎಷ್ಟು ನಡೆಯುತ್ತಿತ್ತು?

ನನ್ನ ವಾದ ಇಷ್ಟೇ. ಭಾಷೆ ಪ್ರಾಕೃತ ಅಂತ ‘ಧವಲಾ’ ನಮ್ಮ ಪಠ್ಯದಿಂದ ಹೊರಗೆ. ಊರು ಮಹಾರಾಷ್ಟ್ರದ್ದು ಅಂತ ಸೊಲ್ಲಾಪುರ ನಮ್ಮ ಸಾಹಿತ್ಯ ಚರಿತ್ರೆಯಿಂದ ಹೊರಗೆ. ಎರಡು ಗೆರೆ ಎಳೆದು, ಕನ್ನಡ ಲಿಪಿ ಸಾವಿರ ವರ್ಷ ಹೊತ್ತುಕೊಂಡು ಬಂದದ್ದನ್ನು ನಾವೇ ಬಿಟ್ಟುಕೊಟ್ಟಿದ್ದೇವೆ. ಇದರ ನಷ್ಟ ಬರೀ ಅಭಿಮಾನದ್ದಲ್ಲ. ಹಳೆಯ ಕನ್ನಡ ಲಿಪಿಯ ಓಲೆ ಓದಲು ಕಲಿಯುವವರು ಹೆಚ್ಚಾಗಿ ಕನ್ನಡ ವಿಭಾಗದಿಂದಲೇ ಬರಬೇಕು. ‘ಇದು ನಮ್ಮದಲ್ಲ’ ಅಂತ ನಾವು ಕೈತೊಳೆದುಕೊಂಡರೆ ಆ ಓಲೆಗಳು ಮತ್ತೆ ಪೂಜೆಯ ವಸ್ತುಗಳಾಗುತ್ತವೆ.

ಕೊನೆಯದಾಗಿ ಒಂದು ಸಲಹೆ. ಹಳಗನ್ನಡ ತರಗತಿಯಲ್ಲಿ ‘ಲೋಕಾಕಾರ ಕಥನ’ ಬಂದಾಗ ಒಂದು ದಿನ ಹಲಗೆಯ ಮೇಲೆ ಆ ಆಕೃತಿ ಬರೆದು, 343ರ ಲೆಕ್ಕ ಮಾಡಿ ನೋಡೋಣ. ಹತ್ತು ನಿಮಿಷ ಸಾಕು. ಪ್ರಶ್ನೆಗಳಿದ್ದರೆ ಈಗ ಚರ್ಚಿಸಬಹುದು.