ಟರ್ಬೋಚಾರ್ಜರ್ ಅಳವಡಿಕೆ

ವಾತಾವರಣದ ಒತ್ತಡದಿಂದಲೇ ಗಾಳಿ ಪಡೆಯುವ ಕಾರಿನ ಎಂಜಿನ್ನಿಗೆ, ಸೈಲೆನ್ಸರಿನತ್ತ ಸಾಗುವ ಬಿಸಿ ಹೊಗೆಯ ರಭಸದಿಂದ ತಿರುಗುವ ಟರ್ಬೈನನ್ನೂ, ಅದೇ ದಂಡದ ಇನ್ನೊಂದು ತುದಿಯಲ್ಲಿದ್ದು ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರನ್ನೂ ಜೋಡಿಸುವ ಕ್ರಮ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದನು.

ಸಿಲಿಂಡರಿಗೆ ಹೆಚ್ಚು ಗಾಳಿ ಸೇರಿದಾಗ ಹೆಚ್ಚು ಇಂಧನ ಉರಿದು ಶಕ್ತಿ ಏರುತ್ತದೆ. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಮಿಶ್ರಣವು ಅಕಾಲದಲ್ಲಿ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಹಾನಿ ಮಾಡುವ ‘ನಾಕಿಂಗ್’ ಉಂಟಾಗುವುದರಿಂದ, ಒತ್ತಡವನ್ನು ಮಿತಿಯಲ್ಲಿಟ್ಟು, ಇಂಧನದ ಪ್ರಮಾಣವನ್ನೂ ಕಿಡಿಯ ಸಮಯವನ್ನೂ ಮರುಹೊಂದಿಸಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವ ರಾಮಸಮುದ್ರದಂಥ ಯಾದಗಿರಿ ಸೀಮೆಯ ಊರುಗಳಲ್ಲಿ, ಒತ್ತಿದಾಗ ಮತ್ತಷ್ಟು ಕಾಯುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಅತ್ಯವಶ್ಯ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.